ಎಲಾಟೊಸನಿಗೆ ಮೂರು ಕೂಗು

ಒಂದು ಕೂಗು ಆಗಿಹೋಗಿತ್ತು. ಇನ್ನೆರಡು ಬಾಕಿ.

ಮುದುಕ ಮೆದೋನ್ ಮೊಣಕಾಲುದ್ದ ನೀರಿನಲ್ಲಿ ನಿಂತು, ಟ್ರಾಯ್ ಇರುವ ದಿಕ್ಕಿಗೆ ಮುಖ ಮಾಡಿ, ಎರಡನೆಯ ಸಲ ಕೂಗಲು ಉಸಿರೆಳೆದುಕೊಂಡಿದ್ದ. ಅಷ್ಟರಲ್ಲಿ ಅವನ ಸೊಸೆ ಅರ್ನೆ ದಡದ ಜನರನ್ನು ತಳ್ಳಿಕೊಂಡು ಬಂದಳು. ದೋಣಿಯ ಹುಟ್ಟೊಂದನ್ನು ಬಲಗೈಯಲ್ಲೇ ಎತ್ತಿ ಮಾವನ ಎದೆಗೆ ಅಡ್ಡ ಹಿಡಿದಳು. ಅವಳ ಎಡಗೈ ಮದುವೆಯಾದ ಮರುವರ್ಷದಿಂದ ಪೂರ್ತಿ ಮೇಲೇಳುತ್ತಿರಲಿಲ್ಲ.

“ಸಾಕು ಮಾವ. ಇನ್ನೊಂದು ಸಲ ಆ ಹೆಸರು ನಿಮ್ಮ ಬಾಯಿಂದ ಬರಕೂಡದು.”

ಊರು ಬಾಯಿ ಬಿಟ್ಟುಕೊಂಡು ನೋಡಿತು. ಮಾವನ ಎದುರು ಇವಳು ತಲೆ ಎತ್ತಿದ್ದನ್ನೇ ಯಾರೂ ಕಂಡಿರಲಿಲ್ಲ.

ಪರನಾಡಿನಲ್ಲಿ ಸತ್ತವರನ್ನು ಈ ದ್ವೀಪದವರು ಅಲ್ಲೇ ಬಿಟ್ಟುಬಿಡುವುದಿಲ್ಲ. ದೇಹ ಸಿಗದಿದ್ದರೇನಂತೆ, ಕಡಲಿಗಿಳಿದು ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಮೂರನೆಯ ಕೂಗಿಗೆ ಆತ್ಮ ಎದ್ದು ಮನೆಯ ಹಾದಿ ಹಿಡಿಯುತ್ತದೆ. ಬಂದು ಒಲೆಯ ಪಕ್ಕ ನೆಲೆಸುತ್ತದೆ. ಆದರೆ ಬದುಕಿರುವವನನ್ನು ಹೀಗೆ ಕರೆದರೆ ಅವನ ಕಥೆ ಮುಗಿಯಿತು. ನಾಳೆ ಅವನೇ ನಡೆದುಬಂದು ನಿಂತರೂ ಊರಿನ ಪಾಲಿಗೆ ಹೆಣ. ಗುಡಿಯ ಹೊಸ್ತಿಲು ದಾಟುವಂತಿಲ್ಲ.

ಟ್ರಾಯಿಗೆ ಹೋದ ಎಲಾಟೊಸರು ಇಬ್ಬರು. ಇಬ್ಬರದೂ ತಾತನ ಹೆಸರು. ಅಣ್ಣತಮ್ಮಂದಿರಿಬ್ಬರೂ ಚೊಚ್ಚಲ ಗಂಡಿಗೆ ಅಪ್ಪನ ಹೆಸರಿಟ್ಟರೆ ಇನ್ನೇನಾಗುತ್ತದೆ? ಒಬ್ಬ ಮೆದೋನನ ಮಗ, ಅರ್ನೆಯ ಗಂಡ. ಇನ್ನೊಬ್ಬ ಮೆದೋನನ ತೀರಿಹೋದ ತಮ್ಮ ಹಿಪ್ಪಾಸನ ಮಗ, ಫೈಲೋಳ ಗಂಡ. ಹಾಡುಗಾರರ ಬಾಯಲ್ಲಿ ಇಂಥವರಿಗೆ ಸಿಗುವುದು ಅರ್ಧ ಸಾಲು: ಎಲಾಟೊಸ್ ಬಿದ್ದ. ಯಾವ ಎಲಾಟೊಸ್ ಎಂದು ಕೇಳುವಷ್ಟರಲ್ಲಿ ಯಾವನೋ ಮಹಾವೀರನ ರಥ ಬಂದು ಹಾಡು ಅವನ ಹಿಂದೆ ಓಡುತ್ತದೆ.

ನಿನ್ನೆ ಯುದ್ಧದಿಂದ ಮರಳಿದ ಈಟಿಗಾರ ಥೋವಾಸ್, “ನಿಮ್ಮ ಎಲಾಟೊಸರು ಇನ್ನು ಬರುವುದಿಲ್ಲ” ಎಂದದ್ದೇ ತಡ, ಮೆದೋನ್ ಎದೆ ಬಡಿದುಕೊಂಡು ಅತ್ತ. ಅತ್ತಮೇಲೆ ಏರ್ಪಾಡು ಮಾಡಿದ. ಅಳುವಾಗಲೂ ಅವನ ಜಿಪುಣತನಕ್ಕೆ ರಜೆಯಿಲ್ಲ. ಇಬ್ಬರಿಗೂ ಹೆಸರು ಒಂದೇ. ಹಾಗಾದರೆ ಕೂಗೂ ಒಂದೇ ಸಾಕು, ಬಲಿಗೆ ಟಗರೂ ಒಂದೇ ಸಾಕು.

ಅರ್ನೆ ಹುಟ್ಟನ್ನು ಇಳಿಸದೆ ಥೋವಾಸನ ಕಡೆ ತಿರುಗಿದಳು.

“ನೀನು ಕಣ್ಣಾರೆ ನೋಡಿದ್ದು ಯಾರನ್ನ?”

“ಹಿಪ್ಪಾಸನ ಮಗನ್ನ. ಈಟಿ ಎದೆಗೇ ಬಿತ್ತು.”

“ಇನ್ನೊಬ್ಬನನ್ನ?”

ಥೋವಾಸ್ ಬಾಯಿ ತೆರೆದ. ಅರ್ನೆ ರೆಪ್ಪೆ ಬಡಿಯದೆ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿದ.

“ಆ ಗಲಾಟೇಲಿ... ನಾನು ಖಂಡಿತವಾಗಿ ಹೇಳಲಾರೆ.”

“ಕೇಳಿದಿರಲ್ಲ ಮಾವ.”

“ಹತ್ತು ವರ್ಷದಿಂದ ಸುದ್ದಿಯಿಲ್ಲ ಅಂದ್ರೆ ಸತ್ತ ಅಂತಲೇ ಅರ್ಥ ಕಣಮ್ಮ,” ಎಂದ ಮೆದೋನ್. “ದಾರಿ ಬಿಡು. ಆಮೇಲೆ ನಿನಗೆ ಬೇರೆ ಮದುವೆ ಮಾಡಿಸ್ತೀನಿ. ಕರೆಯದೆ ಬಿಟ್ಟರೆ ನೀನು ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಹಿಂಗೇ ಮುದುಕಿ ಆಗ್ತೀಯ.”

“ಆಗ್ತೀನಿ. ಒಂದು ಮದುವೆ ಸಾಕು ನನಗೆ.”

ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು.

ಫೈಲೋ ನೀರಿಗಿಳಿದು ಅರ್ನೆಯ ಸೆರಗು ಹಿಡಿದಳು. “ಅಕ್ಕಾ, ನಿಮ್ಮವರು ಬದುಕಿರಬಹುದು. ನನ್ನವರು ಇಲ್ಲವಲ್ಲ. ಕರೆಯದಿದ್ದರೆ ಆ ಹಾಳು ಮರಳಲ್ಲೇ ಅಲೀತಾ ಇರ್ತಾರೆ. ನನ್ನ ಹೊಟ್ಟೆ ಯಾಕೆ ಉರಿಸ್ತೀರಿ?”

ಅರ್ನೆ ಫೈಲೋಳ ಕಡೆ ತಿರುಗಿದಳು. ಫೈಲೋಳ ಗಂಡ ಪಾಪದವನು. ಯುದ್ಧಕ್ಕೆ ಹೊರಟ ದಿನ ಕೂಡ ಹೆಂಡತಿಯ ನೀರಿನ ಕೊಡವನ್ನು ತಾನೇ ಹೊತ್ತು ತಂದಿಟ್ಟು ಹಡಗು ಹತ್ತಿದ್ದ.

“ನೀನು ಕರಿ ತಾಯಿ. ನಿನ್ನವನು ಬರಲೇಬೇಕು,” ಎಂದಳು. “ಆದರೆ ಬರೀ ಎಲಾಟೊಸ್ ಅನ್ನಬೇಡ. ಹಿಪ್ಪಾಸನ ಮಗ ಅನ್ನು, ಫೈಲೋಳ ಗಂಡ ಅನ್ನು, ಬಾವಿ ಪಕ್ಕದ ಮನೆಯವನು ಅನ್ನು. ಇನ್ನೊಬ್ಬ ತನ್ನನ್ನೇ ಕರೆದರು ಅಂತ ತಪ್ಪಿಯೂ ತಿಳ್ಕೋಬಾರದು.”

“ಹಾಗಾದರೆ ನನ್ನ ಮಗ ಬದುಕಿದ್ದಾನೆ ಅಂತೀಯಾ?” ಎಂದು ಕೇಳಿದ ಮೆದೋನ್.

“ನಾನಿರೋ ತನಕ ಈ ದಡದಲ್ಲಿ ಅವನನ್ನ ಯಾರೂ ಕರೆಯಕೂಡದು ಅಂತೀನಿ. ಕರೆಯಲೇಬೇಕು ಅಂದರೆ ಮೊದಲು ನನ್ನನ್ನ ಇದೇ ನೀರಲ್ಲಿ ಮುಳುಗಿಸಿ.”

ಮುದುಕ ಸೋತ. ಒದ್ದೆ ಕೈಯಲ್ಲೇ ಸೊಸೆಯ ತಲೆ ಸವರಿ ದಡ ಹತ್ತಿದ. ಫೈಲೋ ಗಂಡನ ಅಪ್ಪನ ಹೆಸರು, ಮನೆ, ಬಾವಿ ಎಲ್ಲ ಸೇರಿಸಿ ಮೂರು ಸಲ ಕೂಗಿ ತನ್ನವನನ್ನು ಕರೆದಳು. ಅರ್ನೆ ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳಿ, ಮೂರೂ ಮುಗಿದಮೇಲೆ ಹುಟ್ಟನ್ನು ಕೆಳಗಿಟ್ಟಳು.

“ಪ್ರೀತಿ ಅಂದ್ರೆ ಇದು ಕಣ್ರೇ,” ಎಂದರು ಹೆಂಗಸರು. “ಇಂಥ ಹೆಂಡತಿ ಸಿಗೋಕೆ ಅವನು ಪುಣ್ಯ ಮಾಡಿದ್ದ.”

ಮಧ್ಯಾಹ್ನ ಥೋವಾಸ್ ಅರ್ನೆಯ ಅಂಗಳಕ್ಕೆ ಬಂದ. ಅವಳು ಬಾರ್ಲಿ ರೊಟ್ಟಿ, ಆಡಿನ ಗಿಣ್ಣು, ಆಲಿವ್ ಕಾಯಿ ತಂದಿಟ್ಟಳು. ಅವನು ಮುಟ್ಟಲಿಲ್ಲ.

“ನಿನ್ನ ಮುಖ ನೋಡಿ ಬೆಳಿಗ್ಗೆ ನಾಲಿಗೆ ಬರಲಿಲ್ಲ. ನಿನ್ನ ಗಂಡನೂ ಹೋದ ತಾಯಿ. ಅವನ ಚಿತೆಗೆ ಬೆಂಕಿ ಇಟ್ಟವನೇ ನಾನು.”

“ಗೊತ್ತಾಯ್ತು. ನೀನು ಬಾಯಿ ತೆರೆದಾಗಲೇ ಗೊತ್ತಾಯ್ತು.”

ಥೋವಾಸ್ ಕಕ್ಕಾಬಿಕ್ಕಿಯಾದ. “ಗೊತ್ತಿದ್ದೂ ಅಡ್ಡ ನಿಂತೆಯಾ? ಕರೆಯದೆ ಹೋದರೆ ಅವನು ಯಾವ ಕಾಲಕ್ಕೂ ಈ ಮನೆ ಸೇರಲ್ಲಮ್ಮ.”

“ರೊಟ್ಟಿ ಆರೋಗ್ತದೆ, ತಿನ್ನು,” ಎಂದಳು ಅರ್ನೆ. “ಹತ್ತು ವರ್ಷ ಆಯ್ತು, ಈ ಮನೇಲಿ ಯಾರೂ ಏಟು ತಿಂದಿಲ್ಲ. ಅವನು ಅಲ್ಲೇ ಇರಲಿ.”