ಹದಿನೇಳರಲ್ಲಿ ಒಂಬತ್ತು ಕಳೆದರೆ

ಅಧಿಕಾರಿ ಪುಸ್ತಕವನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಅದರ ಹಾಳೆಗಳ ನಡುವಿನಿಂದ ಮರಳು ಉದುರಿತು.

“ಇದನ್ನ ಬರೆದವನ ಹೆಸರು ಬೇಕು, ಮೇಷ್ಟ್ರೇ. ಸಂಜೆ ಐದರೊಳಗೆ.”

ಮೇಷ್ಟರು ಕನ್ನಡಕ ಒರೆಸಿಕೊಂಡರು. ಪುಸ್ತಕ ಗಡಿಯಾಚೆಯ ದೇಶದ ಭಾಷೆಯಲ್ಲಿತ್ತು; ಅದನ್ನು ಓದಿ ಬರೆಯಬಲ್ಲವರು ಈ ಊರಿನಲ್ಲಿ ಬೆರಳೆಣಿಕೆಯಷ್ಟು. ಆದ್ದರಿಂದಲೇ ವಿದೇಶಾಂಗ ಇಲಾಖೆಯ ಕಾರು ಬೆಳಿಗ್ಗೆ ಅವರ ಬಾಗಿಲಿಗೆ ಬಂದಿತ್ತು. ಮೊಮ್ಮಗಳಿಗೆ ಹೇಳಿಕೊಡುತ್ತಿದ್ದ ಮಗ್ಗಿ ಆರರಲ್ಲೇ ನಿಂತಿತ್ತು. ಇಲಾಖೆಯ ಕಟ್ಟಡದ ಮೂರನೆಯ ಮಹಡಿಗೆ ಹತ್ತುವಾಗ ಮುರಿದ ಮೆಟ್ಟಿಲೊಂದರಲ್ಲಿ ಅಧಿಕಾರಿ ಎಡವಿದ್ದ. ಮೇಷ್ಟರು ಎಡವಿರಲಿಲ್ಲ.

ಪುಸ್ತಕಕ್ಕೆ ಹೊದಿಕೆಯೂ ಇರಲಿಲ್ಲ, ಮೊದಲ ಪುಟವೂ ಇರಲಿಲ್ಲ. ಒಂದನೆಯ ತರಗತಿಯ ಲೆಕ್ಕದ ಪುಸ್ತಕ. ಎರಡು ಕೋವಿಗೆ ಮೂರು ಕೋವಿ ಸೇರಿದರೆ ಐದು ಕೋವಿ. ಚಿತ್ರಗಳು ಅಂದವಾಗಿದ್ದವು. ಯಾವುದೋ ಮಗು ಅವಕ್ಕೆ ಹಸಿರು ಬಣ್ಣ ತುಂಬಿತ್ತು.

“ಇಸ್ಲಾಮಿನ ಹೆಸರು ಹೇಳ್ಕೊಂಡು ಕೋವಿ ಹಿಡಿದಿದೆಯಲ್ಲ, ಆ ಪಡೆಯ ಶಾಲೆಗಳಲ್ಲೆಲ್ಲ ಇದೇ ಪಾಠ,” ಎಂದ ಅಧಿಕಾರಿ. “ಮೂವತ್ತೈದು ವರ್ಷದ ಹಿಂದೆ ನಮ್ಮ ಶತ್ರುಗಳ ಸೈನ್ಯ ಆ ದೇಶಕ್ಕೆ ನುಗ್ಗಿದಾಗ ಈ ಪಡೆಗೆ ಕೋವಿ ಕೊಟ್ಟವರು ನಾವೇ. ತಪ್ಪಾಯ್ತು, ಒಪ್ಕೊಂಡಿದೀವಿ. ಆದರೆ ಈ ವಿಷ ಮಾತ್ರ ಅವರದ್ದೇ.”

“ಹಳೇ ಕಡತ ನೋಡಿದಿರಾ?”

“ಇಪ್ಪತ್ತು ವರ್ಷ ದಾಟಿದ್ದನ್ನ ಸುಡೋದು ಇಲ್ಲಿನ ಪದ್ಧತಿ. ಜಾಗ ಬೇಕಲ್ಲ.”

“ನಿಜ, ಸಾಹೇಬ್ರೇ. ಮರೆಯೋಕೂ ಜಾಗ ಬೇಕು.”

ಅಧಿಕಾರಿ ನಕ್ಕ. ಬಳಿಕ ಒಂದು ಭಾವಚಿತ್ರವನ್ನು ಮುಂದೆ ಸರಿಸಿದ. ಮಣ್ಣಿನ ಗೋಡೆಯ ಶಾಲೆ, ಅದರ ಮುಂದೆ ಬಡಕಲು ಮುಖ್ಯೋಪಾಧ್ಯಾಯ. ಪುಸ್ತಕ ಸಿಕ್ಕಿದ್ದು ಇವನ ಮನೆಯಲ್ಲಿ. ಮೇಲಿನವರು ತಮ್ಮ ನೀತಿಯನ್ನು ಹೊಸದಾಗಿ ಯೋಚಿಸಿದ್ದರು: ಇನ್ನು ಮುಂದೆ ಕೋವಿ ಹಿಡಿದವನಿಗಿಂತ ಮೊದಲು ಲೇಖನಿ ಹಿಡಿದವನು. ಹೊಸದಾಗಿ ಯೋಚಿಸುವುದೆಂದರೆ, ಆ ಕಟ್ಟಡದಲ್ಲಿ, ಹಳೆಯ ಬಾಂಬಿಗೆ ಹೊಸ ವಿಳಾಸ ಬರೆಯುವುದು.

“ಬರೆದವನು ಇವನೇ ಅಂತ ಒಂದು ಸಹಿ ಹಾಕಿ. ಬೆಳಗಾಗೋದರೊಳಗೆ ವಿಮಾನ ಹೋಗಿ ಬರುತ್ತೆ.”

“ಮನೇಲಿ ಎಷ್ಟು ಜನ?”

“ಹನ್ನೊಂದು.”

“ಮಕ್ಕಳು?”

“ಆ ಹನ್ನೊಂದರಲ್ಲೇ ಬಂತಲ್ಲ.”

ಮೇಷ್ಟರ ಬೆರಳು ಮುಚ್ಚಿದ ಪುಸ್ತಕದ ಮೇಲೆ ನಿಂತಿತು. “ಇದರಲ್ಲೊಂದು ಲೆಕ್ಕ ಇದೆ. ಯೋಧನ ಬಳಿ ಹದಿನೇಳು ಗುಂಡು, ಒಂಬತ್ತು ಹಾರಿಸಿದ, ಉಳಿದದ್ದೆಷ್ಟು? ಕೊನೇ ಪುಟದಲ್ಲಿ ಉತ್ತರ ಏಳು ಅಂತ ಅಚ್ಚಾಗಿರುತ್ತೆ. ನೋಡಿ.”

ಅಂಕಿಗಳನ್ನು ಓದುವಷ್ಟು ಆ ಭಾಷೆ ಅಧಿಕಾರಿಗೂ ಬರುತ್ತಿತ್ತು. ಕೊನೆಯ ಪುಟ ತೆರೆದ. ಅಚ್ಚಾಗಿದ್ದದ್ದು ಏಳೇ. ಅದರ ಮೇಲೊಂದು ಪೆನ್ಸಿಲ್ ಗೆರೆ. ಪಕ್ಕದಲ್ಲಿ, ದುಂಡಗಿನ ಬರಹದಲ್ಲಿ, ಎಂಟು.

ಆ ಎಂಟನ್ನು ಮೇಷ್ಟರು ಬಹಳ ಹೊತ್ತು ನೋಡಿದರು.

“ಇದು ತಿದ್ದಿದವನ ಕೈ, ಸಾಹೇಬ್ರೇ. ತನ್ನದೇ ತಪ್ಪಾಗಿದ್ದರೆ ಅಚ್ಚಿಗೆ ಮೊದಲೇ ತಿದ್ತಿದ್ದ. ಇವನಲ್ಲ.”

“ಅಷ್ಟು ಸಾಲದು. ಬೇರೆ ಹೆಸರಿಲ್ಲದೆ ಹೋದರೆ ಮೇಲಿನವರು ನನ್ನನ್ನ ಉಗಿದು ಉಪ್ಪಿನಕಾಯಿ ಹಾಕ್ತಾರೆ. ಇದೇ ವಿಳಾಸಕ್ಕೆ ಆದೇಶ ಹೋಗುತ್ತೆ.” ಅವನ ಕಣ್ಣು ಕಿರಿದಾಯಿತು. “ಪುಟ ತೆರೆಯದೆ ತಪ್ಪು ಹೇಳಿದಿರಿ. ಬರೆದವನನ್ನ ನೀವು ಬಲ್ಲಿರಿ.”

“ಬಲ್ಲೆ.”

“ನಿಮ್ಮ ಶಿಷ್ಯ?”

“ಹಾಗೇ ಅನ್ನಿ. ನಾನು ಹೇಳಿದ್ದನ್ನ ಅವನಷ್ಟು ನಂಬಿದವರು ಇನ್ನೊಬ್ಬರಿಲ್ಲ.”

“ಮಕ್ಕಳ ಕೈಗೆ ಇಂಥಾದ್ದು ಕೊಡೋಕೆ ಅವನಿಗೆ ಮನಸ್ಸು ಹೇಗೆ ಬಂತು?”

“ಗೊತ್ತಿರೋದರಿಂದ ಗೊತ್ತಿಲ್ಲದ್ದಕ್ಕೆ ಮಗೂನ ಕೈಹಿಡಿದು ಕರ್ಕೊಂಡು ಹೋಗ್ಬೇಕು ಅಂತ ಪಾಠ. ಆ ಮಕ್ಕಳಿಗೆ ಗೊತ್ತಿದ್ದದ್ದು ಕೋವಿ ಒಂದೇ. ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡ. ಮೇಲಿನವರು ಬೆನ್ನೂ ತಟ್ಟಿದರು.”

“ಎಲ್ಲ ಕಡೆಯೂ ಮೇಲಿನವರೇ,” ಎಂದ ಅಧಿಕಾರಿ ಕಹಿಯಾಗಿ. “ಬದುಕಿದಾನಾ?”

“ಬದುಕು ಅಂದ್ರೆ ಅದೂ ಒಂದು ಬದುಕೇ. ಸಂಸಾರ ಇದೆ. ಅಷ್ಟು ಮಕ್ಕಳು ತಪ್ಪು ಉತ್ತರ ಬಾಯಿಪಾಠ ಮಾಡಿದವು ಅನ್ನೋದು ಗೊತ್ತಾದ ಮೇಲೆ ನಿದ್ದೆ ಇಲ್ಲ.”

“ಅವನ ಸಂಸಾರ ಕಟ್ಕೊಂಡು ನಮಗೇನು? ಮುಖ್ಯೋಪಾಧ್ಯಾಯನ ಹನ್ನೊಂದು ಜನ ಉಳೀಬೇಕೋ, ಬೇಡವೋ? ನೀವೇ ತೀರ್ಮಾನ ಮಾಡಿ.”

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಐವತ್ತು. ಮೇಷ್ಟರು ಮನೆಗೆ ಒಂದು ಫೋನ್ ಮಾಡಬಹುದೇ ಎಂದು ಕೇಳಿದರು; ಅಧಿಕಾರಿ ತಲೆಯಾಡಿಸಿದ. “ಪುಟ್ಟೀ, ಏಳರ ಮಗ್ಗಿ ನೀನೇ ಕಲಿ. ತಪ್ಪಾದರೆ ಅಮ್ಮನ ಹತ್ರ ತಿದ್ದಿಸ್ಕೋ. ನಾಚ್ಕೋಬೇಡ,” ಎಂದಷ್ಟೇ ಹೇಳಿ ಇಟ್ಟರು.

ಆಮೇಲೆ ಬಿಳಿ ಹಾಳೆ ಎಳೆದುಕೊಂಡರು. ನಲವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈಯಿಂದಲೇ ಹೆಸರು ಬರೆದರು. ಬರೆಸಿದವರ ವಿಳಾಸವನ್ನೂ ಬರೆದರು. ಕೆಳಗೆ ಸಹಿ ಹಾಕಿ, ಅಕ್ಷರಗಳು ಅವನ ಕಡೆಗಿರುವಂತೆ ಹಾಳೆಯನ್ನು ತಿರುಗಿಸಿಟ್ಟರು.

“ವಿಮಾನ ಅಷ್ಟು ದೂರ ಹೋಗಬೇಕಾಗಿಲ್ಲ, ಸಾಹೇಬ್ರೇ.”

ಹೆಸರು ಮೇಷ್ಟರದು; ವಿಳಾಸ ಅವರಿಬ್ಬರೂ ಕುಳಿತಿದ್ದ ಆ ಮೂರನೆಯ ಮಹಡಿಯದೇ: ವಿದೇಶಾಂಗ ಇಲಾಖೆ, ನೆರೆದೇಶದ ಮಕ್ಕಳ ಪಠ್ಯಪುಸ್ತಕ ವಿಭಾಗ.