ಮೂಲೆಯ ಬುಟ್ಟಿ

"ಯಾವ ಬುಟ್ಟಿ?"

ಸಿದ್ದಮಲ್ಲಪ್ಪ ಕೇಳಿದ ಮೊದಲ ಮಾತು ಅದು. ಹೆಂಡತಿ ಶಿವರತ್ನಮ್ಮ ಹಿತ್ತಲ ಕೋಣೆಯ ಬಾಗಿಲಲ್ಲಿ ಮುಂಗೈ ಹಿಡಿದುಕೊಂಡು ಕುಸಿದು ಕೂತಿದ್ದಳು.

"ಮೂಲೇದು. ಮುಚ್ಚಳ ಸರಿಯಾಗಿರ್ನಿಲ್ಲ ಅಂತ ಕೈ ಆಕ್ದೆ."

ಮುಂಗೈ ಮೇಲೆ ಅಕ್ಕಪಕ್ಕ ಎರಡು ಕೆಂಪು ಚುಕ್ಕೆ. ಮಿಕ್ಕ ಬುಟ್ಟಿಗಳಲ್ಲಿ ಹೆಬ್ಬಾವಿನ ಮರಿಗಳು, ನಕ್ಷತ್ರ ಆಮೆಗಳು. ಮೂಲೆಯದರಲ್ಲಿದ್ದದ್ದು ಕೊಳಕುಮಂಡಲ.

ಊರಿನ ಕಣ್ಣಿಗೆ ಅವನು ಹನೂರಿನ ಕಡಲೆಕಾಯಿ ವ್ಯಾಪಾರಿ. ಕಾಡಂಚಿನವರು ಹಿಡಿದು ತಂದದ್ದನ್ನು ಮದರಾಸಿನಿಂದ ಬರುವ ಕಾರಿಗೆ ತುಂಬಿಸುವುದು ಒಳಗಿನ ಕಸುಬು. ಅಲ್ಲಿನ ದೊಡ್ಡ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಾವು ಸಾಕುವ ಶೋಕಿಯಂತೆ. ಈ ಸಲ ಯಾರೋ ಒಬ್ಬ ವಿಷದ್ದೇ ಬೇಕೆಂದು ಹಟ ಹಿಡಿದಿದ್ದ. ಅದು ಎಪ್ಪತ್ತೆಂಟನೇ ಇಸವಿ. ಕಾಯಿದೆ ಬಿಗಿಯಾಗಿತ್ತು, ಸಿಕ್ಕಿಬಿದ್ದರೆ ಜೈಲು.

"ಶಿವನ ಕೊರಳಲ್ಲಿರೋದ ಮಾರಿ ಉಣ್ಬೇಡಿ ಕಣ್ರಿ," ಎಂದು ಶಿವರತ್ನಮ್ಮ ಹೇಳಿ ಹೇಳಿ ಸೋತಿದ್ದಳು. ಇತ್ತೀಚೆಗೆ ಹೇಳುವುದನ್ನೇ ಬಿಟ್ಟಿದ್ದಳು.

"ಅಲ್ಲಾಡ್ಬೇಡ. ಪುಟ್ಟಬಸಪ್ಪನ ಜೀಪು ತತ್ತೀನಿ," ಎಂದು ಬೀದಿ ಬಾಗಿಲವರೆಗೆ ಓಡಿದವನು ಗಕ್ಕನೆ ನಿಂತ. ಜೀಪು ಬಂದರೆ ಅದರ ಹಿಂದೆ ಬೀದಿಯೇ ಬರುತ್ತದೆ. ಹಾವು ಕಚ್ಚಿದ ಮನೆ. ಜನ ಹಾವು ಹುಡುಕುತ್ತಾರೆ.

ತಿರುಗಿ ಬಂದ.

"ಒಸಿ ತಡ್ಕೊ," ಎಂದ, ಅವಳ ಮುಖ ನೋಡದೆ.

"ತಡ್ಕತೀನಿ. ನಿಮ್ ಕೆಲ್ಸ ಮುಗಿಸ್ಕಳಿ."

ಬುಟ್ಟಿಗಳನ್ನು ಒಂದೊಂದಾಗಿ ಹೊತ್ತು ಹಿತ್ತಲ ಹುಲ್ಲಿನ ಮೆದೆಯೊಳಗೆ ತುರುಕಿದ. ಮೂಲೆಯ ಬುಟ್ಟಿಯ ಹಗ್ಗ ಬಿಗಿಯಾಗಿತ್ತು. ಒಳಗಿಂದ ಹಾವು ಬುಸುಗುಟ್ಟಿತು. ಕಚ್ಚಿಸಿಕೊಂಡ ಮೇಲೂ ಬಿಗಿದು ಕಟ್ಟಿದ್ದಾಳೆ, ಗಟ್ಟಿಗಿತ್ತಿ ಎಂದುಕೊಂಡ. ಅವನು ದಾಟುವಾಗಲೆಲ್ಲ ಶಿವರತ್ನಮ್ಮ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಕೊನೆಗೆ ಕೋಣೆ ಗುಡಿಸಿದ. ಆಮೇಲೆ ಜೀಪು ಕರೆದ.

ಕೊಳ್ಳೇಗಾಲದ ದಾರಿಯುದ್ದಕ್ಕೂ ಅವಳ ತಲೆ ಅವನ ತೊಡೆಯ ಮೇಲಿತ್ತು. ಗುಡಿಸಿದ ಪೊರಕೆಯ ಸದ್ದು ಅವನ ಕಿವಿ ಬಿಟ್ಟು ಹೋಗಲಿಲ್ಲ. ನೆಲ ಗುಡಿಸಿದೆನಲ್ಲ, ಪಾಪಿ! ಆದರೂ ಬಾಗಿ ಪಿಸುಗುಟ್ಟಿದ: "ಒಲ್ದಲ್ಲಿ ಕಚ್ತು ಅನ್ನು. ಯಾವ ಆವೋ ಕಾಣ್ನಿಲ್ಲ ಅನ್ನು."

"ಆಯ್ತು," ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅವನೇ ಹಾಗೆಂದು ಹೇಳಿದ. ಡಾಕ್ಟರು ಅವಳ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿಟ್ಟು ಕಾದರು. ಆಮೇಲೆ ಅದನ್ನು ಓರೆ ಮಾಡಿ ನೋಡಿದರು.

"ರಕ್ತ ಸರಿಯಾಗಿ ಹೆಪ್ಪುಗಟ್ಟಿದೆ, ವಿಷ ಏರಿದ್ದರೆ ಹೀಗೆ ಹೆಪ್ಪುಗಟ್ಟುತ್ತಿರಲಿಲ್ಲ. ಕೈಯಲ್ಲಿ ಊತವೂ ಇಲ್ಲ. ಯಾವುದೋ ವಿಷವಿಲ್ಲದ ಹಾವು. ಮನೆಗೆ ಕರ್ಕೊಂಡು ಹೋಗಿ."

ಸಿದ್ದಮಲ್ಲಪ್ಪ ಅವಳ ಮುಂಗೈಯ ಚುಕ್ಕೆಗಳನ್ನು ನೋಡಿದ. ತನ್ನ ಸುಳ್ಳನ್ನು ನಂಬಿ ಇವರು ಅವಳನ್ನು ಸಾಯಲು ಕಳಿಸುತ್ತಿದ್ದಾರೆ. ವಾರ್ಡಿನ ಬಾಗಿಲಲ್ಲಿ ಪೊಲೀಸಿನವನೊಬ್ಬ ಯಾವುದೋ ಕೇಸಿಗೆ ಬಂದು ನಿಂತಿದ್ದ. ಅವನು ಕಣ್ಣಿಗೆ ಬಿದ್ದರೂ ಸಿದ್ದಮಲ್ಲಪ್ಪ ಡಾಕ್ಟರ ಕಾಲಿಗೆ ಬಿದ್ದ.

"ಸುಳ್ಳೇಳ್ದೆ ಸಾ! ಅದು ಕೊಳಕ್ಮಂಡ್ಲ. ಮಾರಕ್ಕೆ ಅಂತ ಮನೇಲೇ ಇಟ್ಟಿದ್ದೆ. ಬುಟ್ಟಿಗಳೆಲ್ಲ ಉಲ್ಲಿನ ಮೆದೇಲಿ ಅವೆ. ನನ್ನ ಜೈಲಿಗಾದ್ರೂ ಆಕಿ, ಇವಳಿಗೆ ಸೂಜಿ ಚುಚ್ಚಿ ಸಾ!"

ಪೊಲೀಸಿನವನು ಒಳಗೆ ಬಂದ. ಡಾಕ್ಟರು ಔಷಧದ ಸೀಸೆಗೆ ಕೈ ಚಾಚಿದರು.

ಶಿವರತ್ನಮ್ಮ ಸೆರಗು ಸರಿಮಾಡಿಕೊಂಡು ಮಂಚದ ಮೇಲೆ ಎದ್ದು ಕೂತಳು.

"ಸೂಜಿ ಬ್ಯಾಡಿ ಸಾ. ಯಾವ ಆವೂ ಕಚ್ಚಿಲ್ಲ. ಜಾಲಿಮುಳ್ಳಲ್ಲಿ ನಾನೇ ಚುಚ್ಕಂಡೆ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಮೊದ್ಲು ನನ್ನ ಎತ್ಕತೀರೊ, ಬುಟ್ಟೀನೊ ಅಂತ ನೋಡ್ಬೇಕಿತ್ತು ಕಣ್ರಿ."