ಮನೆ ಬಿಟ್ಟ ಹೊತ್ತು

2094ರ ಮೇ 14, ಬೆಳಿಗ್ಗೆ 11 ಗಂಟೆ 20 ನಿಮಿಷ. ಬಳ್ಳಾರಿಯ ಕೋಟೆಗುಡ್ಡದ ಮೇಲೆ ಹಿಮ ಗಟ್ಟಿಯಾಗಿತ್ತು. ಸೂರ್ಯ ಮಂಕಾದಾಗಿನಿಂದ ಊರೆಲ್ಲ ಕಿಟಕಿ ಮುಚ್ಚಿ, ಒಳಗೆ ಇದ್ದಿಲು ಉರಿಸಿ ಮಲಗುತ್ತದೆ. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ವಾರಕ್ಕೊಮ್ಮೆ ನನ್ನ ಲ್ಯಾಬಿನಲ್ಲಿ ನೋಡಿಸಿಕೊಳ್ಳುತ್ತದೆ. ಶೇಕಡಾ ಹದಿನೈದು ದಾಟಿದವರ ಮನೆಯಿಂದ ಅಗ್ಗಿಷ್ಟಿಕೆಯನ್ನು ಅಂದೇ ಹೊರಗೆ ತೆಗೆಸುತ್ತೇವೆ.

ಹುಲಿಗೆಮ್ಮ ತಮ್ಮನ ರಿಪೋರ್ಟನ್ನು ನನ್ನ ಮೇಜಿನ ಮೇಲಿಟ್ಟರು. ರಸ್ತೆಯ ಹಿಮ ಗೋರುವ ಆ ತಮ್ಮ, ದೊಡ್ಡಬಸಪ್ಪನಿಗೆ, ನಿನ್ನೆ ಬಂದದ್ದು ಶೇಕಡಾ ಒಂಬತ್ತು. ಬೀಡಿ ಸೇದುವವರಿಗೆ ಇಷ್ಟು ಇದ್ದೇ ಇರುತ್ತದೆ ಎಂದು ನಾನೇ ಹೇಳಿ ಕಳಿಸಿದ್ದೆ.

"ಬಳ್ಳಾರಿ ಬಿಸಿಲು ಈಗ ನನ್ನ ಬೀಡಿಯಾಗ ಮಾತ್ರ ಉಳಿದೈತ್ರೀ ಅಮ್ಮಾ" ಎಂದು ಅವನು ನಕ್ಕಿದ್ದ.

ಇವತ್ತು ಬೆಳಿಗ್ಗೆ ಅಗ್ಗಿಷ್ಟಿಕೆಯ ಪಕ್ಕ ಮಲಗಿದ್ದವನು ಏಳಲಿಲ್ಲ.

"ಒಂಬತ್ತು ಅಂದ್ರ ಸಾಯೋವಷ್ಟೇನಮ್ಮಾ?"

"ಅಲ್ಲ. ನಿನ್ನೆ ಅವನು ಮನೆ ಬಿಟ್ಟಿದ್ದು ಎಷ್ಟು ಹೊತ್ತಿಗೆ?"

"ಆರಕ್ಕ. ಎದುರು ಮನಿ ನಂದು, ನಾನೇ ಚಾ ಕೊಟ್ಟೆ. ಐದು ತಾಸು ಹಿಮ ಗೋರಿ ಹಂಗೇ ಇಲ್ಲಿಗೆ ಬಂದಾನ. ನಿನ್ನೆ ಅವನ್ನ ಯಾಕ ಕೇಳಲಿಲ್ಲ ನೀವು?"

ಬಯಲಗಾಳಿಯಲ್ಲಿ ಸುಮಾರು ಐದು ತಾಸಿಗೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯುತ್ತದೆ. ಕಾಲೇಜಿನಲ್ಲಿ ಇದನ್ನು ಬರೆದೇ ಪಾಸಾದವಳು ನಾನು. ಫಾರಮಿನಲ್ಲಿ 'ಮನೆ ಬಿಟ್ಟ ಹೊತ್ತು' ಎಂಬ ಕಾಲಂ ಕೂಡ ಇದೆ. ಅವನ ಅಂಗಿಯಿಂದ ಬೀಡಿಯ ವಾಸನೆ ಬಂದದ್ದೇ ಸಾಕೆಂದು ಅದನ್ನು ಖಾಲಿ ಬಿಟ್ಟಿದ್ದೆ.

ಹುಲಿಗೆಮ್ಮನ ಎದುರಿಗೇ ಅಲ್ಲಿ ಆರು ಗಂಟೆ ಎಂದು ಬರೆದೆ. ಒಂಬತ್ತನ್ನು ಹೊಡೆದುಹಾಕಿ, ಅವನು ಮನೆಯಿಂದ ಹೊರಬಿದ್ದಾಗ ಇದ್ದಿರಬೇಕಾದ ಅಂಕಿಯನ್ನು ಬರೆದೆ: ಶೇಕಡಾ ಹದಿನೆಂಟು.